ಕಂಬಕ್ಕೆ ತೂಗಿದ ಹಳದಿ ಚೀಲ

ಸೋಮವಾರ ಬೆಳಿಗ್ಗೆ 6 ಗಂಟೆ 51 ನಿಮಿಷಕ್ಕೆ ವೀರನಹೊಸಹಳ್ಳಿ–ಹುಣಸೂರು ಬಸ್ಸು ಹತ್ತಿಮರದ ಗೇಟಿನಲ್ಲಿ ನಿಂತಿತು. 6 ಗಂಟೆ 52 ನಿಮಿಷಕ್ಕೆ ಹೊರಟಿತು. ಒಬ್ಬರೂ ಹತ್ತಲಿಲ್ಲ, ಒಬ್ಬರೂ ಇಳಿಯಲಿಲ್ಲ.

ಹುಣಸೂರಿನ ಬಾಡಿಗೆ ಮನೆಯಲ್ಲಿ ಹಾಲು ಕಾಯಿಸುತ್ತಿದ್ದ ರಮ್ಯಶ್ರೀ ಅದನ್ನು ಫೋನಿನಲ್ಲಿ ನೋಡಿದಳು. ನಕ್ಷೆಯ ಮೇಲೆ ಬಸ್ಸಿನ ಚುಕ್ಕಿ ಹಸಿರಾಗಿತ್ತು. ಹತ್ತಿಮರದ ಗೇಟಿನಲ್ಲಿ ಸೋಮವಾರ ಅದು ಹಸಿರಾಗಿದ್ದುದು ಅದೇ ಮೊದಲು. ಆ ಪರದೆಯ ಚಿತ್ರ ತೆಗೆದು ತನ್ನ ಮೂವರು ವಿದ್ಯಾರ್ಥಿಗಳಿಗೆ ಕಳಿಸಿದಳು. ಅಷ್ಟರಲ್ಲಿ ಹಾಲು ಉಕ್ಕಿತು.

ಅವಳು ಊರಿನ ಪದವಿ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದಳು. ಹುಟ್ಟಿದ್ದು ಕೆ.ಆರ್. ನಗರದ ಹೊಸ ಅಗ್ರಹಾರದ ಕಡೆ. ಎರಡನೇ ಪಿಯುಸಿಯ ಗಣಿತ ಪರೀಕ್ಷೆಯ ದಿನ ಬಸ್ಸು ಬರುತ್ತದೆಂದು ಒಂದೂವರೆ ಗಂಟೆ ರಸ್ತೆಬದಿಯಲ್ಲಿ ನಿಂತಿದ್ದಳು. ಆ ದಿನದ ಟ್ರಿಪ್ಪೇ ರದ್ದಾಗಿತ್ತು. ಹೇಳುವವರು ಯಾರೂ ಇರಲಿಲ್ಲ. ಒಂದು ವರ್ಷ ಹೋಯಿತು. 'ಬಸ್ ಬಂತಾ' ಎಂಬ ಆಪ್ ಕಟ್ಟಲು ಅವಳು ಎಂಟು ತಿಂಗಳು ರಜೆಯನ್ನೇ ಕಾಣದೆ ದುಡಿದದ್ದರ ಹಿಂದೆ ಆ ಒಂದೂವರೆ ಗಂಟೆ ಇತ್ತು. ಡ್ರೈವರ್ ಸೀಟಿನ ಪಕ್ಕ ಒಂದು ಫೋನು; ಅದು ಬಸ್ಸು ಎಲ್ಲಿದೆ ಎಂದು ಹೇಳುತ್ತದೆ. ಈ ಮಾರ್ಗ ಸರಿಹೋದರೆ ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಹಳ್ಳಿ ಬಸ್ಸುಗಳಿಗೂ ಹಾಕೋಣ ಎಂದು ಡಿಪೋದ ವ್ಯವಸ್ಥಾಪಕರು ಹೇಳಿದ್ದರು.

ಅವರನ್ನು ಒಪ್ಪಿಸಲು ಒಂದು ಸೌಲಭ್ಯವನ್ನು ಅವಳೇ ಮುಂದಾಗಿ ಸೇರಿಸಿದ್ದಳು. ಯಾವುದೇ ನಿಲುಗಡೆಯಲ್ಲಿ ಬಸ್ಸು ಮೂರು ನಿಮಿಷಕ್ಕಿಂತ ಹೆಚ್ಚು ನಿಂತರೆ ಚುಕ್ಕಿ ಕೆಂಪಾಗುತ್ತದೆ. ಡಿಪೋಗೆ ತಾನೇ ತಾನಾಗಿ ಸಂದೇಶ ಹೋಗುತ್ತದೆ. ಆಪ್ ಶುರುವಾದ ಎರಡು ವಾರದಲ್ಲಿ ಹತ್ತಿಮರದ ಗೇಟಿನಿಂದ ಆರು ಸಂದೇಶ ಹೋಗಿದ್ದವು. ಶನಿವಾರ ಚಾಲಕ ಮಂಟಯ್ಯನಿಗೆ ಮೆಮೊ ಬಂದಿತ್ತು: ಆ ನಿಲುಗಡೆಯಲ್ಲಿ ಒಂದು ನಿಮಿಷಕ್ಕಿಂತ ಹೆಚ್ಚು ನಿಲ್ಲಿಸಕೂಡದು.

ಮಧ್ಯಾಹ್ನ ಹನ್ನೆರಡೂವರೆಗೆ ಕಂಡಕ್ಟರ್ ಚೆಲುವರಾಜು ಫೋನ್ ಮಾಡಿದ.

"ಮೇಡಂ, ಬಸ್ ಸ್ಟ್ಯಾಂಡ್ ತಾವ ಒಂಚೂರು ಬತ್ತೀರಾ?"

"ಏನು ವಿಶೇಷ ಚೆಲುವರಾಜು? ಇವತ್ತು ಹಸಿರು ಬಂತು ನೋಡಿದ್ರಾ?"

"ನೋಡ್ದೆ. ಅದುಕ್ಕೇ ಬನ್ನಿ ಅಂದಿದ್ದು."

ಅವಳು ಹೋದಾಗ ಬೆಂಚಿನ ಮೇಲೆ ಐವತ್ತೈದರ ಆಸುಪಾಸಿನ ಹೆಂಗಸೊಬ್ಬಳು ಕುಳಿತಿದ್ದಳು. ಮುಖ ಊದಿತ್ತು. ಎಡಗೈಯ ಮೇಲೆ ಸೂಜಿ ಚುಚ್ಚಿ ಚುಚ್ಚಿ ಗಂಟುಗಟ್ಟಿದ ಗುರುತುಗಳಿದ್ದವು. ಪಕ್ಕದಲ್ಲಿ ಗಂಡ ಸಣ್ಣಬೀರಯ್ಯ ಟವೆಲ್ ಮಡಿಸುತ್ತ, ಬಿಚ್ಚುತ್ತ ನಿಂತಿದ್ದ. ಹೆಂಗಸಿನ ಮುಖವನ್ನು ರಮ್ಯಶ್ರೀ ಎಲ್ಲೋ ನೋಡಿದ್ದಳು.

"ಇವ್ರು ಚಿಕ್ಕಮಾದಮ್ಮ," ಎಂದ ಚೆಲುವರಾಜು. "ಹತ್ತಿಮರದ ಗೇಟಲ್ಲಿ ಹತ್ತೋರು. ಸೋಮವಾರ, ಬುಧವಾರ, ಶುಕ್ರವಾರ ಇಲ್ಲಿ ಆಸ್ಪತ್ರೇಲಿ ಡಯಾಲಿಸಿಸ್ಸು. ಎಂಟಕ್ಕೆ ಮಲಗ್ಬೇಕು. ಇವತ್ತು ಒಂಬತ್ತೂವರೆ ಬಸ್ಸಿಗೆ ಬಂದವ್ರೆ. ಇರೋ ನಾಕು ಮಿಷಿನ್ಗೂ ಜನ ಮಲಗ್ಬುಟ್ಟಿದ್ರು. ಮಧ್ಯಾಹ್ನದ ಪಾಳಿಲಿ ಯಾರಾರ ತಪ್ಪುಸ್ಕೊಂಡ್ರೆ ನೋಡವ ಅಂತ ಇಷ್ಟೊತ್ತು ಕಾದ್ರು. ಎಲ್ಲಾರೂ ಬಂದ್ರು."

ಚಿಕ್ಕಮಾದಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದಳು.

"ಮೊಬೈಲಲ್ಲಿ ಬಸ್ಸು ತೋರ್ಸೋಳು ನೀನೇನವ್ವ?"

"ಹೌದಮ್ಮ."

"ಅಂಗೇ ಆನೆ ಎಲ್ಲದೆ ಅಂತ್ಲೂ ತೋರ್ಸುಬುಡು. ಬಸ್ಸು ಸಿಕ್ದಿದ್ರೂ ಚಿಂತಿಲ್ಲ, ಆನೆ ಸಿಕ್ಬಾರ್ದು ನೋಡು." ನಗಲು ಹೋಗಿ ಕೆಮ್ಮಿದಳು.

ಉಳಿದದ್ದನ್ನು ಚೆಲುವರಾಜು ಹೇಳಿದ. ಅವರ ಮನೆ ರಸ್ತೆಯಿಂದ ಒಳಗೆ ಮುಕ್ಕಾಲು ಮೈಲಿ, ಕಾಡಿನ ಕಂದಕದ ಬದಿಯ ಹೊಲದಲ್ಲಿ. ರಾತ್ರಿ ಬೆಳೆಗೆ ಇಳಿದ ಆನೆಗಳು ಬೆಳಗಾಗುವಾಗ ಕಂದಕ ದಾಟಿ ಹಿಂದಿರುಗುತ್ತವೆ. ಅವು ದಾಟಿದ ಮೇಲೆ ಅರಣ್ಯ ಇಲಾಖೆಯ ವಾಚರ್ ಮಾದೇವ ಸೀಟಿ ಊದುತ್ತಾನೆ. ಸೀಟಿ ಕೇಳುವವರೆಗೆ ಆ ಕಡೆಯ ಯಾರೂ ಹೊಸಲು ದಾಟುವುದಿಲ್ಲ. ಹಾಗಾಗಿ ಚಿಕ್ಕಮಾದಮ್ಮ ಗೇಟಿಗೆ ಬರುವಾಗ ಐದಾರು ನಿಮಿಷ ತಡವೇ. ಮನೆಯ ಹತ್ತಿರ ಫೋನಿಗೆ ಸಿಗ್ನಲ್ ಇಲ್ಲ. ಅದಕ್ಕೆ ಹಿಂದಿನ ಸಂಜೆ, ಬೆಳಕಿರುವಾಗಲೇ, ಸಣ್ಣಬೀರಯ್ಯ ಬಂದು ನಿಲುಗಡೆಯ ಕಂಬಕ್ಕೆ ಒಂದು ಹಳದಿ ಚೀಲ ತೂಗುಹಾಕಿ ಹೋಗುತ್ತಾನೆ. ಹಳ್ಳಿಯಲ್ಲೇ ತಂಗುವ ಬಸ್ಸು ರಾತ್ರಿ ಆ ದಾರಿಯಲ್ಲೇ ಹೋಗುವುದರಿಂದ ಡ್ರೈವರ್ ಚೀಲ ನೋಡುತ್ತಾನೆ. ಬೆಳಿಗ್ಗೆ ಕಾಯುತ್ತಾನೆ. ಹತ್ತುವಾಗ ಅವಳು ಚೀಲ ಬಿಚ್ಚಿಕೊಂಡು ಹೋಗುತ್ತಾಳೆ. ಎರಡೂವರೆ ವರ್ಷದಿಂದ ಎಷ್ಟು ಡ್ರೈವರುಗಳು ಬದಲಾದರೂ ಈ ಕ್ರಮ ತಪ್ಪಿರಲಿಲ್ಲ.

"ಇವತ್ತೂ ಚೀಲ ಇತ್ತಾ?" ಎಂದಳು ರಮ್ಯಶ್ರೀ.

"ಇತ್ತು. ಮಂಟಯ್ಯಣ್ಣ ಚೀಲನೂ ನೋಡ್ತು, ಆ ಫೋನೂ ನೋಡ್ತು. ಆಮೇಲೆ ಗೇರ್ ಹಾಕ್ತು."

ಅವಳಿಗೆ ತನ್ನ ನೋಟ್‌ಪುಸ್ತಕ ನೆನಪಾಯಿತು. ಆಪ್ ಬರೆಯುವ ಮೊದಲು ಹದಿನೆಂಟು ದಿನ ಆ ಬಸ್ಸಿನಲ್ಲಿ ಓಡಾಡಿ, ಪ್ರತಿ ನಿಲುಗಡೆಯ ಸಮಯವನ್ನು ಕೈಯಲ್ಲಿ ಗಡಿಯಾರ ಹಿಡಿದು ಬರೆದುಕೊಂಡಿದ್ದಳು. 'ಹತ್ತಿಮರದ ಗೇಟ್, 6.51–6.57. ಚಾಲಕರು ಇಳಿದು ಟೀ ಕುಡಿದರು. ಒಬ್ಬ ಹೆಂಗಸು ಹತ್ತಿದರು.' ಹೆಚ್ಚುಕಡಿಮೆ ಇದೇ ಸಾಲನ್ನು ಒಂಬತ್ತು ಸಲ ಬರೆದಿದ್ದಳು. ಬರೆದದ್ದೆಲ್ಲ ನಿಜ. ಮಂಟಯ್ಯ ಗೇಟಿನ ಬಳಿಯ ಸ್ವಾಮಿಯ ಅಂಗಡಿಯಲ್ಲಿ ಟೀ ಕುಡಿದದ್ದು ನಿಜ, ಹೆಂಗಸು ಹತ್ತಿದ್ದು ನಿಜ. ಡಿಪೋಗೆ ಕೊಟ್ಟ ವರದಿಯಲ್ಲಿ ಆ ಸಾಲು 'ಅನಗತ್ಯ ನಿಲುಗಡೆ. ಕಾರಣ: ಟೀ' ಎಂದಾಗಿತ್ತು. ಅಂಕಿಗಳನ್ನು ಗಂಟೆಯ ಲೆಕ್ಕದಲ್ಲಿ ಜೋಡಿಸಿದ್ದಳೇ ಹೊರತು ವಾರದ ಲೆಕ್ಕದಲ್ಲಿ ಒಮ್ಮೆಯೂ ಜೋಡಿಸಿರಲಿಲ್ಲ.

"ನನಗೆ ಯಾಕೆ ಹೇಳಲಿಲ್ಲ ಚೆಲುವರಾಜು?"

"ನೀವು ಕೇಳಿದ್ರೆ ಹೇಳ್ತಿದ್ದೆ. ನೀವು ಬರೀತಿದ್ರಿ."

ರಮ್ಯಶ್ರೀ ಚಿಕ್ಕಮಾದಮ್ಮನ ಪಕ್ಕ ಕುಳಿತಳು. "ಅಮ್ಮ, ಈಗಲೇ ಮೈಸೂರಿಗೆ ಹೋಗೋಣ. ನಾನು ಕಾರು ಮಾಡಿಸ್ತೀನಿ. ದೊಡ್ಡಾಸ್ಪತ್ರೆಲಿ ಮಾಡ್ತಾರೆ."

"ಅಲ್ಲಿ ಹೋದ್ರೆ ಮಲುಗ್ಸ್‌ಬುಡ್ತಾರೆ ಕಣವ್ವ, ಬುಡಕಿಲ್ಲ. ಬುಧವಾರ ಎಷ್ಟೊತ್ತು? ಎಲ್ಡು ದಿನ. ನೀರು ಕಮ್ಮಿ ಕುಡುದ್ರಾಯ್ತು."

"ಶುಕ್ರವಾರ ಮಾಡಿಸಿದ್ದು. ಬುಧವಾರಕ್ಕೆ ಐದು ದಿನ ಆಗುತ್ತೆ."

"ನರ್ಸಮ್ಮನೂ ಅಂಗೇ ಅಂದ್ಲು. ಉಸ್ರು ಕಟ್ಟುದ್ರೆ ಮೈಸೂರ್ಗೋಗಿ ಅಂದವ್ಳೆ. ಈಗೇನ್ ಕಟ್ಟಿಲ್ಲ." ಗಂಡನ ಕಡೆ ತಿರುಗಿದಳು. "ಎದ್ದೇಳು. ಬೆಳುಕ್ನಲ್ಲೇ ಮನೆ ಸೇರ್ಬೇಕು. ಈ ಮಗ ಮಕ ಸಣ್ಣಗ್ ಮಾಡ್ಕೊಂಡು ಕೂತದೆ, ನೋಡಕಾಗಕಿಲ್ಲ."

ಸಣ್ಣಬೀರಯ್ಯ ಹೊರಡುವಾಗ ಒಂದೇ ಮಾತು ಕೇಳಿದ: "ಬುಧವಾರ ಬಸ್ಸು ನಿಲ್ತದಾ ತಾಯಿ?"

"ನಿಲ್ಲುತ್ತೆ," ಎಂದಳು ರಮ್ಯಶ್ರೀ.

ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಅವಳು ಡಿಪೋದಲ್ಲಿದ್ದಳು. ವ್ಯವಸ್ಥಾಪಕರು ಒರಟು ಮನುಷ್ಯರಲ್ಲ. ಕೂರಿಸಿದರು, ಪೂರ್ತಿ ಕೇಳಿದರು. ಆಮೇಲೆ ಕಡತ ತೆಗೆದು ಅವಳ ವರದಿಯ ಹನ್ನೊಂದನೇ ಪುಟವನ್ನು ಅವಳ ಕಡೆಗೇ ತಿರುಗಿಸಿದರು.

"ಇದು ನಿಮ್ಮ ಸಹಿ ತಾನೆ?"

"ಹೌದು ಸಾರ್."

"ಇದರಲ್ಲಿ ಟೀ ಅಂತಿದೆ. ಡಯಾಲಿಸಿಸ್ ಅಂತ ಎಲ್ಲಿದೆ? ಇದೇ ಪುಟದ ಪ್ರತಿ ಮೈಸೂರಿಗೂ ಹೋಗಿದೆ. ಹೊಸದಾಗಿ ಬರೆದುಕೊಡಿ, ಮೇಲಕ್ಕೆ ಕಳಿಸ್ತೀನಿ. ವೇಳಾಪಟ್ಟಿ ಬದಲಾಯಿಸೋದು ನನ್ನ ಕೈಲಿಲ್ಲಮ್ಮ. ಎರಡು ಮೂರು ವಾರ ಹಿಡಿಯುತ್ತೆ."

"ನಾಳೆಯೊಂದು ದಿನ ಬಾಯಿಮಾತಲ್ಲಿ ಹೇಳಿಬಿಡಿ ಸಾರ್."

"ನಾನು ಬಾಯಲ್ಲಿ ಹೇಳ್ತೀನಿ, ನಿಮ್ಮ ಆಪ್ ಬರವಣಿಗೆಯಲ್ಲಿ ಕಳಿಸುತ್ತೆ. ಯಾವುದು ಉಳಿಯುತ್ತೆ ಹೇಳಿ."

ಅಲ್ಲೇ ಕುಳಿತು ಎರಡು ಪುಟ ಬರೆದುಕೊಟ್ಟಳು. ಅವರು ಮೊಹರು ಒತ್ತಿ ತಟ್ಟೆಯಲ್ಲಿ ಇಟ್ಟರು.

ಸಂಜೆ ನಾಲ್ಕಕ್ಕೆ, ಕಾಲೇಜಿನ ಪ್ರಯೋಗಾಲಯದಲ್ಲಿ ಯಾರೂ ಇಲ್ಲದಾಗ, ಅವಳು ಆಪ್‌ನ ಒಳಗೆ ಹೋದಳು. ಹತ್ತಿಮರದ ಗೇಟಿನ ಮುಂದೆ 'ಮೂರು' ಎಂದಿತ್ತು. ಅದನ್ನು ಅಳಿಸಿ 'ಏಳು' ಎಂದು ಬರೆದಳು. ಡಿಪೋದ ಒಪ್ಪಿಗೆ ಇರಲಿಲ್ಲ. ವಿದ್ಯಾರ್ಥಿಯೊಬ್ಬ ಪ್ರಾಜೆಕ್ಟಿನಲ್ಲಿ ಒಂದು ಅಂಕಿ ತಿದ್ದಿದ್ದಕ್ಕೆ ಹಿಂದಿನ ವರ್ಷ ಇವಳೇ ಅವನ ಪುಸ್ತಕವನ್ನು ಸಹಿ ಹಾಕದೆ ಹಿಂದಿರುಗಿಸಿದ್ದಳು. ನೋಟ್‌ಪುಸ್ತಕದ ಒಂಬತ್ತು ಸಾಲುಗಳಲ್ಲಿ ಅತಿ ದೀರ್ಘ ಕಾಯುವಿಕೆ ಆರೂವರೆ ನಿಮಿಷ. ಏಳು ಸಾಕು ಎಂದು ಲೆಕ್ಕ ಹಾಕಿದ್ದಳು.

ಆರೂವರೆಗೆ ಬಸ್ ನಿಲ್ದಾಣಕ್ಕೆ ಹೋಗಿ ಮಂಟಯ್ಯನನ್ನು ಕಂಡಳು. ಅವನು ಚಕ್ರಕ್ಕೆ ಕಾಲಿನಿಂದ ಒದ್ದು ಗಾಳಿ ನೋಡುತ್ತಿದ್ದ.

"ಮಂಟಯ್ಯನವರೇ, ನಾಳೆ ಗೇಟಲ್ಲಿ ನಿಲ್ಲಿಸಿ. ಏಳು ನಿಮಿಷದವರೆಗೆ ಕೆಂಪು ಬರಲ್ಲ. ಡಿಪೋಗೆ ಏನೂ ಹೋಗಲ್ಲ."

"ನಿಮ್ ಕಾಗ್ದ ನಂಬ್ಕೊಂಡು ನಂಗೆ ಮೆಮೊ ಕೊಟ್ರು ಮೇಡಂ. ಈಗ ನಿಮ್ ಮಾತ್ ನಂಬ್ಕೊಂಡು ನಾನ್ ನಿಲ್ಲುಸ್ಬೇಕಾ?" ಅವನ ದನಿಯಲ್ಲಿ ಸಿಟ್ಟಿಗಿಂತ ದಣಿವು ಹೆಚ್ಚಿತ್ತು. "ಇಪ್ಪತ್ನಾಕು ವರ್ಷ ಗಾಡಿ ಓಡಿಸಿವ್ನಿ. ಸೋಮವಾರ ಆ ಚೀಲ ಕನ್ನಡೀಲಿ ಕಾಣ್ತಾ ಇತ್ತು. ತಿರುವು ದಾಟೋಗಂಟ ಕಾಣ್ತಾ ಇತ್ತು."

"ನಾನೂ ಗೇಟಿಗೆ ಬರ್ತೀನಿ. ಅಲ್ಲೇ ಇರ್ತೀನಿ."

"ಬನ್ನಿ. ಟೀ ಕುಡ್ಯವ," ಎಂದ ಮಂಟಯ್ಯ. ಚೆಲುವರಾಜು ಬಾಗಿಲಲ್ಲಿ ನಿಂತು ಬೇರೆ ಕಡೆ ನೋಡಿದ.

ಬುಧವಾರ ಬೆಳಕು ಬಿಟ್ಟ ಕೂಡಲೇ ಅವಳು ಸ್ಕೂಟರಿನಲ್ಲಿ ಹೊರಟಳು. 6 ಗಂಟೆ 47 ನಿಮಿಷಕ್ಕೆ ಹತ್ತಿಮರದ ಗೇಟಿನಲ್ಲಿದ್ದಳು. ಮಂಜು ಇನ್ನೂ ಹೊಲಗಳ ಮೇಲೆಯೇ ಇತ್ತು. ಸ್ವಾಮಿಯ ಟೀ ಅಂಗಡಿಯ ಬಾಗಿಲು ಹಾಕಿತ್ತು. ಕಂಬದ ಮೇಲೆ ಹಳದಿ ಚೀಲ ತೂಗುತ್ತಿತ್ತು. ಅದನ್ನು ನೋಡಿದ ಮೇಲೆ ಅವಳು ಸ್ಕೂಟರಿನ ಸ್ಟ್ಯಾಂಡ್ ಹಾಕಿದಳು.

ಬಸ್ಸು 6.51ಕ್ಕೆ ಬಂತು. ಮಂಟಯ್ಯ ಚೀಲ ನೋಡಿದ, ಇಂಜಿನ್ ಆರಿಸಿದ. ಒಳಗೆ ಇಪ್ಪತ್ತಾರು ಜನರಿದ್ದರು. ಕಾಲೇಜಿನ ಹುಡುಗಿಯರು, ಗುರುಪುರದ ಕಡೆ ಕೂಲಿಗೆ ಹೋಗುವ ಹೆಂಗಸರು. ಯಾರೂ ಏನೂ ಕೇಳಲಿಲ್ಲ.

6.55. ಹೊಲದ ದಾರಿಯಲ್ಲಿ ಯಾರೂ ಇಲ್ಲ.

"ಸೀಟಿ ಕೇಳಿಸ್ತಾ?" ಎಂದಳು ರಮ್ಯಶ್ರೀ.

"ಅರ್ಧ ಗಂಟೆ ಮುಂಚೇನೇ ಊದುದ್ನಂತೆ," ಎಂದ ಚೆಲುವರಾಜು. "ಆಚೆ ಸ್ಟಾಪಲ್ಲಿ ಹತ್ದೋರು ಹೇಳುದ್ರು."

6.58ಕ್ಕೆ ಏಳು ನಿಮಿಷ ಮುಗಿಯಿತು. ಸೀಟಿನ ಪಕ್ಕದ ಫೋನಿನಲ್ಲಿ ಚುಕ್ಕಿ ಕೆಂಪಾಯಿತು. ಮಂಟಯ್ಯ ಅದನ್ನು ನೋಡಿದ. ಕೀಲಿಗೆ ಕೈ ಹಾಕಲಿಲ್ಲ.

"ಚೀಲ ಅದೆಯಲ್ಲ," ಎಂದ, ಯಾರಿಗೂ ಅಲ್ಲ ಎಂಬಂತೆ.

ರಮ್ಯಶ್ರೀ ಹೊರಡಿ ಎನ್ನಬಹುದಿತ್ತು. ಅನ್ನಲಿಲ್ಲ. ಕಂಬದ ಹತ್ತಿರ ಹೋಗಿ ಚೀಲ ಮುಟ್ಟಿದಳು. ಅದು ಮಂಜಿನಲ್ಲಿ ನೆಂದು ಭಾರವಾಗಿತ್ತು. ಮಡಿಕೆಯಲ್ಲಿ ನೀರು ನಿಂತಿತ್ತು, ನೀರಿನಲ್ಲಿ ಎಲೆಗಳು ಕೊಳೆತಿದ್ದವು. ಒಂದು ರಾತ್ರಿಯಲ್ಲಿ ಅಷ್ಟು ನೀರು ನಿಲ್ಲುವುದಿಲ್ಲ.

"ಚೆಲುವರಾಜು, ಇದನ್ನ ನಿನ್ನೆ ಸಂಜೆ ಹಾಕಿದ್ದಾ?"

ಚೆಲುವರಾಜು ಇಳಿದು ಬಂದ. ನೋಡಿದ. "ನಿನ್ನೆ ರಾತ್ರಿ ನಾವು ಹೋಗುವಾಗ ಇತ್ತು." ಚೀಲದ ಗಂಟು ಹಿಡಿದು ಹೇಳಿದ: "ಸೋಮವಾರ ರಾತ್ರಿನೂ ಇತ್ತು. ಬಿಚ್ಚೇ ಇಲ್ಲ ಮೇಡಂ. ಇದು ಭಾನುವಾರ ಕಟ್ಟಿದ್ದೇ."

7 ಗಂಟೆ 2 ನಿಮಿಷಕ್ಕೆ ಹೊಲದ ದಾರಿಯಲ್ಲಿ ಒಬ್ಬ ಬಂದ. ವಾಚರ್ ಮಾದೇವ. ಕೊರಳಲ್ಲಿ ಸೀಟಿ ಇತ್ತು. ನಿಂತ ಬಸ್ಸನ್ನು ಕಂಡು ಅವನು ಹೆಜ್ಜೆ ಜೋರು ಮಾಡಲಿಲ್ಲ, ಕೈಯೆತ್ತಿ ಹೋಗಿ ಎಂಬಂತೆ ಬೀಸಿದ.

"ಮಂಟಯ್ಯಣ್ಣ, ಯಾರ್ಗ್ ಕಾಯ್ತಿದ್ದೀಯ? ಅವ್ಳು ಇಲ್ಲ. ನಿನ್ನೆ ಸಂಜಿಂದ್ಲೇ ಉಸ್ರು ಮೇಲ್ಕೆ ಬಂದಿತ್ತಂತೆ. ಆನೆ ಹೊಲ್ದಲ್ಲೇ ಇದ್ವು, ಹೊರಕ್ ಬರಕಾಗ್ನಿಲ್ಲ. ಬೆಳಗಿನ್ ಜಾವ ನಾಕು ಗಂಟೆಗೆ ನಾವು ಪಟಾಕಿ ಹೊಡುದು ಓಡ್ಸುದ್ವು, ಟೀ ಅಂಗ್ಡಿ ಸ್ವಾಮಿ ಆಟೋಲಿ ಕರ್ಕೊಂಡು ಹೋದ. ಮೈಸೂರ್ಗೆ."

"ಜೀವ ಅದಾ?" ಎಂದ ಮಂಟಯ್ಯ.

"ಹೋಗುವಾಗ ಇತ್ತು."

ಮಂಟಯ್ಯ ಕೀಲಿ ತಿರುಗಿಸಿದ. ಬಸ್ಸು 7 ಗಂಟೆ 4 ನಿಮಿಷಕ್ಕೆ ಹೊರಟಿತು. ಚೀಲವನ್ನು ಯಾರೂ ಬಿಚ್ಚಲಿಲ್ಲ.

ಚಿಕ್ಕಮಾದಮ್ಮ ಹನ್ನೊಂದು ದಿನ ಮೈಸೂರಿನ ಆಸ್ಪತ್ರೆಯಲ್ಲಿದ್ದು, ಭಾನುವಾರ ಮನೆಗೆ ಬಂದಳು. ರಮ್ಯಶ್ರೀಯ ಎರಡು ಪುಟದ ಅರ್ಜಿ ಆವರೆಗೂ ಮೈಸೂರಿನಿಂದ ಹಿಂದಿರುಗಿರಲಿಲ್ಲ. ಆ ಬುಧವಾರ 6 ಗಂಟೆ 58 ನಿಮಿಷಕ್ಕೆ ಡಿಪೋಗೆ ಹೋದ ಸಂದೇಶದ ಆಧಾರದ ಮೇಲೆ ಮಂಟಯ್ಯನನ್ನು ಪಿರಿಯಾಪಟ್ಟಣದ ಮಾರ್ಗಕ್ಕೆ ಹಾಕಿದ್ದರು. ಆ ಭಾನುವಾರ ಸಂಜೆ ಸಣ್ಣಬೀರಯ್ಯ ಚೀಲ ತೊಳೆದು ತಂದು ಕಂಬಕ್ಕೆ ತೂಗುಹಾಕಿದ. ಸೋಮವಾರ ಬೆಳಿಗ್ಗೆ ಬಸ್ಸು ತಂದವನು ಆ ಮಾರ್ಗಕ್ಕೆ ಹೊಸಬ, ಹಳದಿ ಚೀಲದ ಅರ್ಥ ತಿಳಿಯದವನು.