ಸತ್ತ ಮಾಲಿನ ತೂಕ

ಆರು ದಿನ ಬೆನ್ನು ಮುರಿದು ತೂಗಿದ್ದೆಲ್ಲ ದಂಡ ಎಂದು ಮೇಷ್ಟ್ರು ಹೇಳಿದಾಗ ಕೊಕ್ಕೆಯಕ್ಕನಿಗೆ ಅವನ ಕನ್ನಡಕ ಕಿತ್ತು ನೆಲಕ್ಕೆ ಬಡಿಯಬೇಕೆನಿಸಿತು. ಮೇಷ್ಟ್ರು ಅಂದರೆ ಪಾಠ ಹೇಳುವವನಲ್ಲ. ಈ ಭಾಗದ ಕಸದಲ್ಲಿ ಯಾವ ಕಂಪನಿಯದು ಎಷ್ಟು, ಅದನ್ನು ಎತ್ತಿ ಮತ್ತೆ ಬಳಸಲು ಏನೇನು ಬೇಕು ಎಂದು ಲೆಕ್ಕ ಹಾಕಲು ಬಂದ ಸರ್ಕಾರದ ಸಮೀಕ್ಷಕ. ಎರಡು ಮಾತಿಗೊಮ್ಮೆ ಪೆನ್ಸಿಲ್ ಎತ್ತಿ ಗದರುತ್ತಾನೆಂದು ಹೆಂಗಸರು ಇಟ್ಟ ಹೆಸರು ಅದು. ಕೊಕ್ಕೆಯಕ್ಕ ಆ ಹೆಂಗಸರು ಕಸ ವಿಂಗಡಿಸುವ ಶೆಡ್ಡಿನ ಮೇಸ್ತ್ರಿ. ಚೀಲ ಎಳೆಯುವ ಕಬ್ಬಿಣದ ಕೊಕ್ಕೆ ಇಲ್ಲದೆ ಅವಳ ಕೈಯನ್ನು ಯಾರೂ ನೋಡಿದವರಿಲ್ಲ.

“ಶಾಂಪೂ ಕಂಪನಿ ಮುಂದೆ ಸೊನ್ನೆ ಇದೆಯಲ್ಲಮ್ಮ. ಬೀದಿ ತುಂಬ ಅದರದ್ದೇ ಪೊಟ್ಟಣ ಬಿದ್ದಿದೆ. ಇಲ್ಲಿ ಒಂದು ಕಿಲೋನೂ ಇಲ್ವಾ?”

“ಅದು ಸತ್ತ ಮಾಲು ಸರ್. ಯಾರೂ ಕೊಳ್ಳಲ್ಲ. ಕೊಳ್ಳದೇ ಇರೋದನ್ನ ಯಾವ ಹುಚ್ಚಿ ತೂಗ್ತಾಳೆ? ಹಿಂದಿನ ಗುಂಡಿಗೆ ಎಸೀತೀವಿ.”

ಮೇಷ್ಟ್ರು ತಲೆಯ ಮೇಲೆ ಕೈಹೊತ್ತು ಕೂತ. ಬೆಲೆ ಬರುವುದು ತಕ್ಕಡಿಗೆ, ಬಾರದ್ದು ಗುಂಡಿಗೆ. ಇಪ್ಪತ್ತು ವರ್ಷದಿಂದ ಆ ಶೆಡ್ಡಿನಲ್ಲಿ ನಡೆದು ಬಂದದ್ದು ಇದೇ. ಅವನು ಕೇಳಲಿಲ್ಲ, ಇವಳು ಹೇಳಲಿಲ್ಲ. ಓದಿದವನಿಗೆ ಅಷ್ಟೂ ಹೊಳೆಯಬಾರದೇ?

“ನಂಗೆ ಬೇಕಾಗಿದ್ದೇ ಆ ಗುಂಡೀಲಿರೋದು” ಎಂದ. “ತಯಾರು ಮಾಡಿದವರೇ ಎತ್ತಬೇಕು ಅಂತ ಕಾನೂನಿದೆ. ತೂಕ ಬಂದ್ರೆ ಗುಂಡಿ ಖಾಲಿ ಮಾಡೋ ಕೆಲಸ ಕಂಪನಿ ತಲೆಗೆ. ಬರದಿದ್ರೆ ಕಾಗದದ ಮೇಲೆ ಇಲ್ಲಿ ಅವರ ಕಸವೇ ಇಲ್ಲ. ಇವತ್ತೇ ಕೊನೇ ದಿನ.”

ಹಾಳು ಗುಂಡಿ! ಹೋದ ವರ್ಷ ಒಳಗೊಳಗೇ ಉರಿದು, ಕುಸಿದು, ಅದು ಕೊಕ್ಕೆಯಕ್ಕನ ಮಗಳ ಎರಡೂ ಕಾಲನ್ನು ಮೊಣಕಾಲಿನ ತನಕ ಬೇಯಿಸಿತ್ತು. ಹತ್ತೊಂಬತ್ತರ ಹುಡುಗಿ ಈಗ ಗೋಡೆ ಹಿಡಿದು ನಡೆಯುತ್ತಾಳೆ. ಗುಂಡಿ ಮುಚ್ಚಿಸದೆ ನಾನು ಸಾಯುವುದಿಲ್ಲ ಎಂದು ತಾಯಿ ಅಂದೇ ಹಲ್ಲು ಕಚ್ಚಿದ್ದಳು.

“ಏಳ್ರೇ, ಸೊಂಟ ಕಟ್ಕೊಳ್ಳಿ. ಎಸೆದವರು ನಾವೇ, ತೆಗೆಯೋರೂ ನಾವೇ” ಎಂದು ಎಂಟು ಹೆಂಗಸರನ್ನು ಗುಂಡಿಗೆ ಇಳಿಸಿದಳು. ಹನ್ನೆರಡು ಗಂಟೆಯ ಹೊತ್ತಿಗೆ ಹನ್ನೊಂದು ಚೀಲ ತೂಗಿ ಆಗಿತ್ತು. ಇನ್ನೂ ಗುಂಡಿಯ ಅಂಚು ಕೆರೆದಷ್ಟೇ.

ಆಗ ವ್ಯಾನು ಬಂತು. ಗುಂಡಿಯ ಮಾಲು ತೂಗುವ ಸುದ್ದಿ ಮುಟ್ಟಿ ಶಾಂಪೂ ಕಂಪನಿಯ ಕಂಟ್ರಾಕ್ಟರ ಕಳಿಸಿದ ವ್ಯಾನು. ಕೈಯಲ್ಲಿ ಸೀಮೆಎಣ್ಣೆ ಡಬ್ಬ ಹಿಡಿದು ಮುಂದಿನ ಬಾಗಿಲಿನಿಂದ ಇಳಿದವನು ಕೊಕ್ಕೆಯಕ್ಕನ ಸ್ವಂತ ತಮ್ಮ, ಆ ವ್ಯಾನಿನ ಡ್ರೈವರ್. ಅವ್ವ ಸತ್ತಾಗ ಅವನಿಗೆ ಮೂರು ವರ್ಷ. ಇವಳು ತನ್ನ ತಟ್ಟೆಯದನ್ನು ಅವನ ಬಾಯಿಗಿಟ್ಟು ಬೆಳೆಸಿದ್ದಳು. ಅವನ ಹಿಂದೆ ದೊಣ್ಣೆ ಹಿಡಿದ ಮೂವರು.

“ಅಕ್ಕ, ಹೆಂಗಸರನ್ನ ಮೇಲೆ ಕರಿ. ಬೆಂಕಿ ಹಾಕಬೇಕು.”

“ನಿನ್ನ ಅಕ್ಕನ ಮಗಳು ಬೆಂದ ಗುಂಡಿ ಕಣೋ ಇದು.”

“ಅದಕ್ಕೇ ಸುಟ್ಟು ಮುಗಿಸೋಣ ಅಂತ. ನಂಗೂ ಹೊಟ್ಟೆಪಾಡಿದೆ, ಸರಿ ಪಕ್ಕಕ್ಕೆ.”

ಸರಿಯಲಿಲ್ಲ. ಅವನು ಕೆನ್ನೆಗೆ ಬಾರಿಸಿದ. ಅವಳ ಹಲ್ಲು ತುಟಿಯೊಳಗೆ ಇಳಿದು ಬಾಯಿ ತುಂಬ ರಕ್ತ ಬಂತು. ಮೂವರಲ್ಲಿ ಒಬ್ಬ ತೂಕದ ಯಂತ್ರವನ್ನು ಎತ್ತಿ ಕಲ್ಲಿನ ಮೇಲೆ ಹಾಕಿದ. ಇನ್ನೊಬ್ಬ ಅಡ್ಡ ಬಂದ ಮೇಷ್ಟ್ರ ಪಕ್ಕೆಗೆ ದೊಣ್ಣೆ ಬೀಸಿದ. ಪಕ್ಕೆಲುಬು ಮುರಿದ ಸದ್ದು ಗುಂಡಿಯೊಳಗಿನವರಿಗೂ ಕೇಳಿಸಿತು. ಹೆಂಗಸರು ಸುಮ್ಮನೆ ನೋಡುತ್ತಾ ನಿಲ್ಲುವವರೇ? ಸಲಿಕೆ ಹಿಡಿದೇ ಮೇಲೆ ಬಂದರು. ಒಬ್ಬಳು ಒಬ್ಬ ದೊಣ್ಣೆಯವನ ಮೊಣಕಾಲಿಗೆ ಸಲಿಕೆಯ ಬಾಯಿಂದಲೇ ಕೊಟ್ಟಳು, ಅವನು ಕಾಲು ಹಿಡಿದು ನರಳುತ್ತಾ ಅಲ್ಲೇ ಬಿದ್ದ. ಉಳಿದಿಬ್ಬರು ಬಿದ್ದೆವೋ ಕೆಟ್ಟೆವೋ ಎಂದು ಓಡಿದರು.

ತಮ್ಮ ಮಾತ್ರ ಗುಂಡಿಯ ಅಂಚಿಗೆ ತಲುಪಿ ಡಬ್ಬ ಬಗ್ಗಿಸಿ ಕಡ್ಡಿ ಗೀರಿದ್ದ. ಕೊಕ್ಕೆಯಕ್ಕ ಹಿಂದಿನಿಂದ ಬೀಸಿದಳು. ಕೊಕ್ಕೆ ಅವನ ಮುಂದೋಳಿಗೆ ಹೊಕ್ಕು ಆಚೆ ಬಂತು. ಕಡ್ಡಿ ಆಗಲೇ ಕೈಬಿಟ್ಟಿತ್ತು. ಗುಂಡಿ ಭಗ್ಗೆಂದಿತು. ಚೀಲ ಎಳೆದಂತೆಯೇ ಅವನನ್ನು ಎಳೆದು ಹಾಕಿ, ಹೆಂಗಸರ ಕೈಯಿಂದ ಶೆಡ್ಡಿನ ಕಂಬಕ್ಕೆ ಕಟ್ಟಿಸಿದಳು. ಅವನ ಕಿರುಚಾಟ ಕೇಳಲಾರದೆ ಕಿವಿ ಮುಚ್ಚಿಕೊಂಡಳು. ಆದರೂ ಗಂಟು ಬಿಗಿಯಾಗಿದೆಯೇ ಎಂದು ತಾನೇ ನೋಡಿದಳು.

ಗುಂಡಿ ಇನ್ನೂ ಉರಿಯುತ್ತಿರುವಾಗಲೇ, ಪೊಲೀಸರಿಗಿಂತ ಮೊದಲು ಕಂಟ್ರಾಕ್ಟರನೇ ಬಂದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ. “ಕಸ ಅಲ್ವಾ, ತಾನಾಗೇ ಹತ್ತಿಕೊಳ್ಳತ್ತೆ. ಹೋದ ವರ್ಷ ಹತ್ತಿರಲಿಲ್ವಾ?” ಎಂದ. ಆಮೇಲೆ ಕೊಕ್ಕೆಯಕ್ಕನ ಹತ್ತಿರ ಬಗ್ಗಿ, “ಹಾಗಂತ ಹೇಳಿಬಿಡು. ನಿನ್ನ ತಮ್ಮನ ಹೆಸರು ಎಲ್ಲೂ ಬರಲ್ಲ” ಎಂದ.

ಮೇಷ್ಟ್ರು ಪಕ್ಕೆ ಹಿಡಿದುಕೊಂಡೇ ಕಾಗದ ಬಿಡಿಸಿದ. “ತಾನಾಗೇ ಹತ್ತಿದ್ರೆ ತೂಗಿದ ಹನ್ನೊಂದು ಚೀಲ ಮಾತ್ರ ಲೆಕ್ಕಕ್ಕೆ. ಕಂಪನಿ ಕಡೆಯವರು ಹಚ್ಚಿದ್ದು ಅಂತ ಕಂಡವರು ಸಹಿ ಹಾಕಿದ್ರೆ ಇಡೀ ಗುಂಡಿ ಅಳತೆ ಮಾಡಿ ಅವರ ಮೇಲೆ ಹಾಕ್ತೀನಿ. ಬೆಂಕಿ ಹಚ್ಚಿದವನಿಗೆ ಜೈಲಾಗತ್ತೆ. ಪೆಟ್ಟು ತಿಂದು ಬಿದ್ದಿದ್ದೆ, ನಂಗೆ ಕಾಣಲಿಲ್ಲ. ಯಾರು ಹಚ್ಚಿದ್ದು?”

“ಅಕ್ಕ” ಎಂದ ಕಂಬದಲ್ಲಿದ್ದವನು. ಚಿಕ್ಕಂದಿನಲ್ಲಿ ಜ್ವರ ಬಂದಾಗ ಕರೆಯುತ್ತಿದ್ದ ದನಿ ಅದು. “ನನ್ನ ಬಿಟ್ಟುಬಿಡು ಅಕ್ಕ.”

ಎಂಟು ಹೆಂಗಸರೂ ಕಂಡಿದ್ದರು. ಆದರೆ ಅವಳ ತಮ್ಮ, ಅವಳೇ ಹೇಳಲಿ ಎಂದು ನೆಲ ನೋಡಿದರು.

“ಅವನೇ” ಎಂದಳು ಕೊಕ್ಕೆಯಕ್ಕ, ಬಾಯಿಯ ರಕ್ತ ಉಗುಳಿ. “ನನ್ನ ತಮ್ಮ. ಒಡಹುಟ್ಟಿದವನು. ಹಾಗಂತಲೇ ಬರ್ಕೊಳ್ಳಿ. ಹಗೆಗೆ ಹೇಳಿದ್ಲು ಅಂತ ನಾಳೆ ಯಾರೂ ಅನ್ನಬಾರದು.”

ಸಹಿ ಹಾಕಿ ಕಂಬದ ಹತ್ತಿರ ಹೋದಳು. ತಲೆವಸ್ತ್ರ ಹರಿದು ಅವನ ತೋಳಿನ ಗಾಯಕ್ಕೆ ಸುತ್ತತೊಡಗಿದಳು. ಅವನು ಕಾಲೆತ್ತಿ ಹೊಟ್ಟೆಗೆ ಒದ್ದ, ಬಿದ್ದಳು. “ನೀನು ನನ್ನ ಪಾಲಿಗೆ ಸತ್ತೆ” ಎಂದ. ಅವಳು ಗೋಳೋ ಎಂದು ಅಳುತ್ತಲೇ ಎದ್ದು ಮತ್ತೆ ಸುತ್ತಿದಳು. ಅವನು ಮತ್ತೆ ಒದ್ದ.