ಸೋರುವ ತೊಟ್ಟಿ

"ಹಾಗಾದ್ರೆ ನನ್ನ ಗಂಡನಿಗೆ ರಕ್ಷಣೆ ಇದೆಯೋ ಇಲ್ವೋ, ಸ್ವರ್ಗ ಸಿಗುತ್ತೋ ಇಲ್ವೋ, ಅಷ್ಟು ಹೇಳಿ ಪಾಸ್ಟರ್," ಎಂದರು ಅತ್ತೆ.

ಮಾವನನ್ನು ಮಣ್ಣು ಮಾಡಿ ಈಗಷ್ಟೇ ಬಂದಿದ್ದರು. ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತಿದ್ದ ಅಳಿಯ ತನ್ನ ಚಪ್ಪಲಿಗೆ ಮೆತ್ತಿದ ಹಸಿಮಣ್ಣನ್ನೇ ನೋಡುತ್ತಿದ್ದ. ಅವನು ಪ್ಲಂಬರ್. ಪ್ರಾರ್ಥನಾಲಯದ ದೀಕ್ಷಾಸ್ನಾನದ ತೊಟ್ಟಿ ಸೋರುತ್ತಿತ್ತು, ಅದನ್ನು ಸರಿ ಮಾಡಬೇಕಾಗಿದ್ದವನು ಅವನೇ. ಮಾಡಿದ್ದರೆ ಹೋದ ಭಾನುವಾರ ಮಾವ ಅದರಲ್ಲಿ ಮುಳುಗಿ ಎದ್ದಿರುತ್ತಿದ್ದರು. ಗುರುವಾರ ಎದೆ ಹಿಡಿದುಕೊಂಡು ಕುಸಿದವರು ಮತ್ತೆ ಏಳಲಿಲ್ಲ.

"ಅವರಿಗೆ ನಂಬಿಕೆ ಇತ್ತಲ್ಲಮ್ಮ," ಎಂದರು ಪಾಸ್ಟರ್. "ರಕ್ಷಣೆ ಸಿಗೋದು ನಂಬಿಕೆಯಿಂದ. ನೀರು ಅದರ ಗುರುತು, ಅಷ್ಟೇ."

"ಬರೀ ಗುರುತಾಗಿದ್ರೆ ಇಷ್ಟು ವರ್ಷ ಅವರ ಬೆನ್ನು ಯಾಕೆ ಬಿದ್ದಿದ್ರಿ?"

ಪಾಸ್ಟರ್ ಕನ್ನಡಕ ತೆಗೆದು ಒರೆಸತೊಡಗಿದರು. ಪಾಪ, ಒರೆಸುವಂಥದ್ದೇನೂ ಅದರಲ್ಲಿರಲಿಲ್ಲ.

ಬೆನ್ನು ಬಿದ್ದಿದ್ದಂತೂ ನಿಜ. ಮಾವನದು ಕ್ಷೌರದಂಗಡಿ. ಭಾನುವಾರ ಹೆಂಡತಿ ಪ್ರಾರ್ಥನೆಗೆ ಹೊರಟರೆ ಇವರು ಕತ್ತರಿ, ಬಾಚಣಿಗೆ ಚೀಲಕ್ಕೆ ಹಾಕಿಕೊಂಡು ದೊಡ್ಡಾಸ್ಪತ್ರೆಗೆ ಹೊರಡುವರು. ಎದ್ದು ಕೂರಲಾಗದವರಿಗೆ ಹಾಸಿಗೆಯಲ್ಲೇ ಗಡ್ಡ ತೆಗೆದು, ಕತ್ತು ಒರೆಸಿ, ಕನ್ನಡಿ ಹಿಡಿದು ತೋರಿಸಿ ಬರುವರು. ಒಂದು ಕಾಸೂ ಮುಟ್ಟುತ್ತಿರಲಿಲ್ಲ. ಬರೀ ಒಳ್ಳೆ ಕೆಲಸದಿಂದ ಯಾರಿಗೂ ರಕ್ಷಣೆ ಸಿಗಲ್ಲ ಎಂದು ಪಾಸ್ಟರ್ ಹೇಳಿದರೆ, "ಇರಬಹುದು ಪಾಸ್ಟರ್, ಆದ್ರೆ ಅವರ ಗಡ್ಡ ನನ್ನ ನಂಬಿಕೆಗೆ ಕಾಯಲ್ವಲ್ಲ," ಎಂದು ನಗುವರು. ಅಂಥವರು ಈ ವರ್ಷ ಯಾರೂ ಕೇಳದೆ ತಾವೇ, "ಆಯ್ತು, ಮುಳುಗ್ತೀನಿ. ನೀರು ಮಾತ್ರ ಬೆಚ್ಚಗಿರ್ಲಿ," ಎಂದಿದ್ದರು. ಅತ್ತೆ ಆ ದಿನಕ್ಕೆಂದೇ ಬಿಳಿ ಅಂಗಿ ಹೊಲಿದಿಟ್ಟಿದ್ದರು. ನೀರಲ್ಲಿ ನೆನೆಯಬೇಕಾಗಿದ್ದ ಆ ಅಂಗಿಯಲ್ಲೇ ಇವತ್ತು ಅವರನ್ನು ಮಲಗಿಸಿ ಬಂದಿದ್ದರು.

"ತೊಟ್ಟಿಯ ತೂಬಿಗೆ ಅಂಗೈ ಅಗಲದ ರಬ್ಬರ್ ವಾಷರ್ ಬೇಕು. ಆ ಸೈಜು ಎಲ್ಲೂ ಸಿಗ್ತಿಲ್ಲ," ಎಂದು ಅಳಿಯ ಪಾಸ್ಟರಿಗೂ ಮನೆಯವರಿಗೂ ಹೇಳಿದ್ದ. ವಾಷರ್ ಅವನ ಚೀಲದಲ್ಲೇ ಇತ್ತು. ಹೊಸ ಕಟ್ಟಡವೊಂದರಲ್ಲಿ ಕೈತುಂಬ ಕೆಲಸ ಸಿಕ್ಕಿತ್ತು, ಬಿಡಲು ಮನಸ್ಸಾಗಲಿಲ್ಲ. ಇಷ್ಟು ವರ್ಷ ಕಾದವರು ಇನ್ನೊಂದು ವಾರ ಕಾದರೆ ಯಾರ ಗಂಟು ಹೋಗುತ್ತದೆ ಎಂದುಕೊಂಡಿದ್ದ. ಈಗ ಆ ಮಾತು ನೆನಪಾದಾಗಲೆಲ್ಲ ಅವನಿಗೆ ತನ್ನ ಮೇಲೇ ಹೇಸಿಗೆಯಾಗುತ್ತಿತ್ತು.

ಪಾಸ್ಟರ್ ಹೊರಟರು. ಅತ್ತು ಸುಸ್ತಾಗಿದ್ದ ಅಳಿಯನ ಹೆಂಡತಿ ಒಳಕೋಣೆಯಲ್ಲಿ ಮಲಗಿದ್ದಳು. ಅಳಿಯ ಅಡುಗೆಮನೆಗೆ ಹೋಗಿ ಗೋಡೆಗೆ ಒರಗಿ ನಿಂತ. ಬಂದವರು ಕುಡಿದಿಟ್ಟ ಲೋಟಗಳನ್ನು ಅತ್ತೆ ತೊಳೆಯುತ್ತಿದ್ದರು.

"ಅತ್ತೆ, ವಾಷರ್ ನನ್ನ ಹತ್ರಾನೇ ಇತ್ತು. ನಾನು ಸುಳ್ಳು ಹೇಳ್ದೆ."

ಅತ್ತೆಯ ಕೈ ನಿಲ್ಲಲಿಲ್ಲ. "ಗೊತ್ತು. ಶನಿವಾರ ನಿಮ್ಮ ಮಾವ ಕತ್ತರಿ ಸ್ಕ್ರೂ ಬಿಗಿ ಮಾಡೋಣ ಅಂತ ನಿಮ್ಮ ಚೀಲಕ್ಕೆ ಕೈ ಹಾಕಿದ್ರು. ಅಂಗೈ ಅಗಲದ್ದು, ಹೊಸಾದು, ಸಿಕ್ತು." ಒಂದು ಲೋಟ ಬೋರಲು ಹಾಕಿದರು. "ಸುಮ್ನೆ ವಾಪಸ್ ಇಟ್ರು. ಆಮೇಲೆ ಪಾಸ್ಟರಿಗೆ ಫೋನ್ ಮಾಡಿ, ನನಗೇ ನೆಗಡಿ, ಈ ವಾರ ತೊಟ್ಟಿ ಸರಿಯಾದ್ರೂ ಬೇಡ ಅಂದ್ರು. ನೆಗಡಿನೂ ಇಲ್ಲ, ಮಣ್ಣೂ ಇಲ್ಲ. ಅಳಿಯ ನಾಲ್ಕು ಜನರ ಬಾಯಿಗೆ ಬೀಳಬಾರದು ಅಂತ."

ಬೈದಿದ್ದರೆ ತಲೆ ತಗ್ಗಿಸಿ ಬೈಸಿಕೊಳ್ಳುತ್ತಿದ್ದ. ಈಗ ಅವನು ನಿಂತಲ್ಲೇ ಕುಕ್ಕರಿಸಿದ.

"ಕ್ಷಮಿಸಿಬಿಡಿ ಅತ್ತೆ."

"ಅವರು ಕ್ಷಮಿಸಿದ್ರು. ನನ್ನ ಕೈಲಿ ಆಗ್ತಾ ಇಲ್ಲ," ಎಂದರು ಅತ್ತೆ. "ನಾಳೆ ಹೋಗಿ ಆ ತೊಟ್ಟಿ ಸರಿ ಮಾಡಿ."

"ಈಗ ಯಾರಿಗೆ?"

"ಯಾರಿಗೋ. ಮಾಡಿ."

ಬೆಳಿಗ್ಗೆ ಅವನು ತೊಟ್ಟಿಗೆ ಇಳಿದು ಹಳೆಯ ವಾಷರ್ ಕಿತ್ತು ಹೊಸದನ್ನು ಕೂರಿಸಿದ. ಒಂದು ಲೋಟ ಚಹಾ ಕುಡಿದು ಮುಗಿಸುವಷ್ಟು ಹೊತ್ತೂ ಹಿಡಿಯಲಿಲ್ಲ. ಇಷ್ಟೇ ಇಷ್ಟು ಕೆಲಸ. ಮೇಲೆ ಹತ್ತಿ ಬಂದು ನಲ್ಲಿ ತಿರುಗಿಸಿ ನೀರು ತುಂಬಿಸಿದ. ಎದೆಮಟ್ಟಕ್ಕೆ ಬಂದಾಗ ನಿಲ್ಲಿಸಿ, ಕಿವಿಯ ಸಂದಿಯಿಂದ ಪೆನ್ಸಿಲ್ ತೆಗೆದು ನೀರಿನ ಅಂಚಿಗೆ ಸರಿಯಾಗಿ ಗೋಡೆಯ ಮೇಲೆ ಗೆರೆ ಎಳೆದ.

ಹಿಂದೆ ಹೆಜ್ಜೆ ಸಪ್ಪಳವಾಯಿತು. ಅತ್ತೆ ಬಂದು ತೊಟ್ಟಿಯ ಮೇಲಿನ ಮೆಟ್ಟಿಲಲ್ಲಿ ಕೂತರು, ಬಗ್ಗಿ ನೀರಲ್ಲಿ ಬೆರಳದ್ದಿದರು.

"ತಣ್ಣಗಿದೆ," ಎಂದರು. ಗೋಡೆಯತ್ತ ನೋಡಿ, "ಆ ಗೆರೆ ಯಾಕೆ?"

"ನೀರು ಗೆರೆಯಿಂದ ಕೆಳಗೆ ಇಳಿದ್ರೆ ಇನ್ನೂ ಸೋರ್ತಿದೆ ಅಂತ ಲೆಕ್ಕ. ಕಾದು ನೋಡ್ಬೇಕು. ಹೊತ್ತು ಹಿಡಿಯುತ್ತೆ ಅತ್ತೆ, ನೀವು ಮನೆಗೆ ಹೋಗಿ."

ಅತ್ತೆ ಏಳಲಿಲ್ಲ. ಸೆರಗಿನಲ್ಲಿ ಬೆರಳು ಒರೆಸಿಕೊಂಡು ಪಕ್ಕಕ್ಕೆ ಸರಿದರು.

"ಕೂತ್ಕೋ," ಎಂದರು.

ಮದುವೆಯಾದಾಗಿನಿಂದ ಅವರು ಅವನನ್ನು ಒಮ್ಮೆಯೂ ಏಕವಚನದಲ್ಲಿ ಕರೆದಿರಲಿಲ್ಲ. ಅದು ಸಿಟ್ಟೋ ಸಲುಗೆಯೋ ಅವನಿಗೆ ತಿಳಿಯಲಿಲ್ಲ, ಕೇಳುವ ಧೈರ್ಯವೂ ಬರಲಿಲ್ಲ. ಬಿಟ್ಟುಕೊಟ್ಟ ಜಾಗದಲ್ಲಿ ಕೂರದೆ ಒಂದು ಮೆಟ್ಟಿಲು ಕೆಳಗೆ ಕೂತ. ಅವನ ಪಾದಗಳು ನೀರಿಗಿಳಿದವು. ಅದರ ಅಲೆ ಗೆರೆಯವರೆಗೆ ಹೋಗಿ, ಅದನ್ನು ತೋಯಿಸಿ, ಹಿಂದಕ್ಕೆ ಬಂತು. ಇಬ್ಬರೂ ಗೆರೆಯನ್ನೇ ನೋಡುತ್ತ ಕೂತರು.