ಮುನಿಗಂಗಮ್ಮ ಒಪ್ಪಿಕೊಳ್ಳಲಿಲ್ಲ

"ಕೈ ಎತ್ತೇ ಲೌಡಿ! ಎರಡೂ ಕೈ ಎತ್ತು! ದೊಂಗ ಮುಂಡ, ಎಲ್ಲಿ ಮಡಗಿದ್ದೀಯ ಬೊಗಳು!"

ರೇಷ್ಮೆ ನೂಲು ತೆಗೆಯುವ ಫಿಲೇಚರಿನ ಮಾಲೀಕ ವೆಂಕಟರಾಯಪ್ಪ ಹೀಗೆ ಕೂಗಿದಾಗ ಅಮ್ಮನ ಕೈಗಳು ಕುದಿಯುವ ನೀರಿನಲ್ಲಿದ್ದವು. ಗೂಡಿನ ಎಳೆ ಬಿಟ್ಟರೆ ನೂಲು ಹರಿಯುತ್ತದೆ, ಹರಿದರೆ ಅದಕ್ಕೂ ಬೈಗುಳ. ಅದಕ್ಕೇ ಒಂದು ಕೈ ಮಾತ್ರ ಎತ್ತಿದಳು. ಆ ಮನುಷ್ಯ ಬೇಸಿನ್ನಿಗೆ ಜಾಡಿಸಿ ಒದ್ದ. ಬಿಸಿನೀರು ಅಮ್ಮನ ಮಡಿಲಿಗೂ, ಪಕ್ಕದಲ್ಲಿ ನೂಲು ಬಿಚ್ಚುತ್ತಿದ್ದ ನನ್ನ ಕಾಲಿಗೂ ಚೆಲ್ಲಿತು.

"ನಾಕು ಲಡಿ ರೇಷ್ಮೆ ಕಮ್ಮಿ ಐತೆ. ಕೇರಿಯೋರ್ನ ಒಳಿಕ್ಕೆ ಬಿಟ್ಕಂಡಿದ್ದೇ ನನ್ ತಪ್ಪು."

"ನಾನ್ಯಾಕ್ ತಗೊಳ್ಳಿ ಸ್ವಾಮಿ? ಹದಿನಾಕು ವರ್ಷದಿಂದ ನಿಮ್ ಫಿಲೇಚರಲ್ಲೇ ಬೇಯ್ತಾ ಇವ್ನಿ."

"ಬಾಯ್ ಮುಚ್ಚು. ಮೊನ್ನೆ ಭಾನುವಾರ ರಜ ಕೇಳಿದ್ ಬಾಯಲ್ವಾ ಇದು?"

ಅಲ್ಲಿಗೆ ನನಗೆ ಎಲ್ಲ ಅರ್ಥವಾಯಿತು. ಹೆಂಗಸರೆಲ್ಲರ ಪರವಾಗಿ ರಜ ಕೇಳಿದವಳು ಅಮ್ಮ. ಮಧ್ಯಾಹ್ನದೊಳಗೆ ಪೊಲೀಸರು ಬಂದು ಅವಳನ್ನು ಎಳೆದುಕೊಂಡು ಹೋದರು. ಉಳಿದ ಹೆಂಗಸರು ತಲೆ ತಗ್ಗಿಸಿ ನೂಲು ಬಿಚ್ಚುತ್ತಲೇ ಇದ್ದರು. ಅವರನ್ನು ಬೈಯಲಾರೆ. ನಾನು, ಹೆತ್ತ ಮಗಳು, ಹತ್ತನೇ ಕ್ಲಾಸು ಪಾಸಾದ ಕವಿತ, ನಾನೂ ಬಾಯಿ ಬಿಡಲಿಲ್ಲ.

ಚಿಕ್ಕಬಳ್ಳಾಪುರ ಹೊಸದಾಗಿ ಜಿಲ್ಲೆಯಾಗಿದ್ದ ವರ್ಷ ಅದು. ಜಾಮೀನಿಗೆ ಪಹಣಿ ಇದ್ದವರು ಬೇಕು ಎಂದರು. ನಮ್ಮ ಕೇರಿಯಲ್ಲಿ ಯಾರ ಹೆಸರಿಗೂ ಒಂದು ಗುಂಟೆ ಇಲ್ಲ. ಪಹಣಿ ಇದ್ದವರೆಲ್ಲ ವೆಂಕಟರಾಯಪ್ಪನ ನೆಂಟರು. ಹೀಗಾಗಿ ಅಮ್ಮ ನಲವತ್ತಮೂರು ದಿನ ಜೈಲಿನಲ್ಲಿ ಕೂತಳು. ಸರ್ಕಾರವೇ ಪುಕ್ಕಟೆ ಲಾಯರ್ ಕೊಡುತ್ತದೆ ಎಂದು ಯಾರೋ ಹೇಳಿದಾಗ, ಮುಳುಗುವವರಿಗೆ ಹುಲ್ಲುಕಡ್ಡಿಯಾದರೂ ಸಿಕ್ಕಿತಲ್ಲ ಎಂದುಕೊಂಡಿದ್ದೆ.

ಆ ಲಾಯರನ್ನು ನಾನು ಮೊದಲು ನೋಡಿದ್ದು ಕೇಸು ಕೂಗುವುದಕ್ಕೆ ಅರ್ಧ ಗಂಟೆ ಮುಂಚೆ, ಶಿಡ್ಲಘಟ್ಟ ಕೋರ್ಟಿನ ಜಗುಲಿಯ ಮೇಲೆ. ಹೆಸರು ವೆಂಕಟೇಶ್. ಕಂಕುಳ ತುಂಬ ಫೈಲುಗಳು.

"ಮುನಿಲಕ್ಷ್ಮಮ್ಮ ಯಾರಮ್ಮ?"

"ಮುನಿಗಂಗಮ್ಮ ಸಾರ್. ನಮ್ಮಮ್ಮ. ಇಲ್ಲೇ ಕೂರ್ಸವ್ರೆ."

"ಯಾವ್ದೋ ಒಂದಮ್ಮ. ನೋಡಮ್ಮ, ತಪ್ಪು ಒಪ್ಕೊಂತೀಯಾ ಅಂತ ಜಡ್ಜು ಕೇಳ್ತಾರೆ. ಹೂಂ ಅಂದ್ಬಿಡು. ಒಳಗಿದ್ದಷ್ಟು ದಿನಾನೇ ಶಿಕ್ಷೆ ಅಂತ ಮಾಡಿಸ್ತೀನಿ. ಸಂಜೆಗೆ ಮನೇಲಿರ್ತೀಯ."

"ನಾನು ಕದ್ದಿಲ್ವಲ್ಲ ಸ್ವಾಮಿ?" ಎಂದಳು ಅಮ್ಮ.

"ಎಲ್ರೂ ಅದೇ ಅನ್ನೋದು," ಎಂದವರೇ ಫೈಲನ್ನು ಬೆಂಚಿನ ಮೇಲಿಟ್ಟು ಟೀ ಕುಡಿಯಲು ಹೋದರು.

ಸಂಜೆಗೆ ಮನೆ ಎಂಬ ಮಾತು ನನ್ನ ಕಿವಿಯಲ್ಲೇ ಉಳಿಯಿತು. "ಒಪ್ಕೊಂಬಿಡಮ್ಮ. ದಿಬ್ಬೂರಹಳ್ಳಿ ಬಸ್ ಹತ್ಕಂಡು ಊರಿಗೆ ಹೊಂಟೋಗಣ. ಒಬ್ಳೇ ಇರಕ್ಕೆ ಆಗ್ತಿಲ್ಲ ನನ್ ಕೈಲಿ."

"ಒಪ್ಕಂಡ್ರೆ ಶಿಡ್ಲಘಟ್ಟದಾಗೆ ಯಾವ್ ಫಿಲೇಚರ್ನೋರು ನನ್ನ ಸೇರಿಸ್ಕಂತಾರೆ? ನಿನ್ನೂ ಕಳ್ಳಿ ಮಗಳು ಅಂತಾರೆ ಕಣಮ್ಮ, ಸಾಯೋಗಂಟ."

ಬೆಂಚಿನ ಮೇಲಿದ್ದ ಫೈಲು ತೆಗೆದು ಓದತೊಡಗಿದೆ. ಅಮ್ಮ ತಾನೇ ಪೊಲೀಸರನ್ನು ಕರೆದೊಯ್ದು, ಮನೆಯ ಹಿಂದಿನ ಹುಲ್ಲಿನ ಬಣವೆಯಿಂದ ನಾಲ್ಕು ಲಡಿ ತೆಗೆದುಕೊಟ್ಟಳಂತೆ. ನಮಗೆ ದನವೇ ಇಲ್ಲ, ಬಣವೆ ಎಲ್ಲಿಂದ ಬಂತು? ಕೆಳಗೆ ಅಮ್ಮನದೆಂದು ಬರೆದ ಒಂದು ಹೆಬ್ಬೆಟ್ಟು. ಅದರ ಗೆರೆಗಳನ್ನು ಎಣಿಸಬಹುದಿತ್ತು, ಅಷ್ಟು ಚೆನ್ನಾಗಿ ಮೂಡಿತ್ತು.

ನೂಲು ಬಿಚ್ಚುವವರ ಬೆರಳಲ್ಲಿ ಗೆರೆ ಎಲ್ಲಿ ಉಳಿಯುತ್ತದೆ? ಬಿಸಿನೀರಿನಲ್ಲಿ ಬೆಂದು, ಸುಲಿದು, ಮತ್ತೆ ಬೆಂದು ಚರ್ಮ ನುಣ್ಣಗಾಗಿಬಿಡುತ್ತದೆ. ರೇಷನ್ ಕಾರ್ಡಿಗೆ ಒತ್ತಿಸಿದಾಗಲೂ ಅಮ್ಮನ ಹೆಬ್ಬೆಟ್ಟು ಬರೀ ಮಸಿಯ ಮಚ್ಚೆಯಾಗಿ ಬಂದಿತ್ತು.

"ಅಮ್ಮ, ಟೇಸನ್ನಲ್ಲಿ ಹೆಬ್ಬೆಟ್ ಒತ್ತಿಸ್ಕಂಡ್ರಾ?"

"ಮೂರ್ ಕಿತ ಒತ್ತಿಸ್ದ, ಆ ಬಯ್ಯಪ್ಪ ಪೊಲೀಸು. ಗೆರೆ ಬೀಳ್ಲಿಲ್ಲ. 'ಥೂ, ಬೆರಳೂ ಇಲ್ವಲ್ಲೇ ನಿಂಗೆ, ಅತ್ಲಾಗ್ ಹೋಗ್ ಸಾಯಿ' ಅಂತ ನೂಕ್ದ."

ಹಾಗಾದರೆ ಈ ಕಾಗದದ ಹೆಬ್ಬೆಟ್ಟು ಬೇರೆ ಯಾರದೋ. ಲಾಯರ್ ಬಂದ ಕೂಡಲೇ ಅಮ್ಮನ ಹೆಬ್ಬೆರಳನ್ನು ಆ ಕಾಗದದ ಪಕ್ಕದಲ್ಲಿ ಹಿಡಿದು ತೋರಿಸಿದೆ.

ಆತ ಬಗ್ಗಿ ನೋಡಿದರು. "ಹೌದಲ್ಲ," ಎಂದರು. ಒಂದು ಗಳಿಗೆ ಅವರ ಮುಖದಲ್ಲಿ ನಿಜವಾದ ಲಾಯರ್ ಕಂಡ. ಆಮೇಲೆ ಗಡಿಯಾರ ನೋಡಿಕೊಂಡರು. "ಇದನ್ನ ಹಿಡ್ಕೊಂಡ್ ಹೊರಟ್ರೆ ಬೆರಳಚ್ಚು ಪರೀಕ್ಷೆ ಮಾಡಿಸ್ಬೇಕು, ಪೊಲೀಸ್ರನ್ನ ಕಟಕಟೇಲಿ ನಿಲ್ಲಿಸಿ ಕೇಳ್ಬೇಕು. ವರ್ಷ ಹಿಡಿಯುತ್ತೆ. ನಂಗೆ ಇವತ್ತೊಂದಿನಕ್ಕೇ ಹನ್ನೊಂದ್ ಕೇಸು ಕಣಮ್ಮ. ಬಿಟ್ಟಿ ಕೇಸಿಗೆ ಅಷ್ಟೆಲ್ಲ ಯಾರ್ ಮಾಡ್ತಾರೆ?"

ಅಷ್ಟರಲ್ಲಿ ಬಿಳಿ ಪಂಚೆಯ ವೆಂಕಟರಾಯಪ್ಪ ಜಗುಲಿ ಹತ್ತಿದ. "ಏನ್ ಲಾಯರೇ, ಈ ಕಳ್ಳ ಮುಂಡೆಗೂ ವಕಾಲತ್ತಾ? ಕೈ ಕಡಿಯೋದ್ ಬಿಟ್ಟು?"

"ಗೌರ್ಮೆಂಟು ಕಾನೂನು, ಏನ್ ಮಾಡೋದು ಹೇಳಿ," ಎಂದು ಲಾಯರ್ ನಕ್ಕರು. ವೆಂಕಟರಾಯಪ್ಪ ಒದ್ದು ಚೆಲ್ಲಿದ ಬಿಸಿನೀರಿಗಿಂತ ಆ ನಗು ನನ್ನನ್ನು ಹೆಚ್ಚು ಸುಟ್ಟಿತು.

ಕೇಸು ಕೂಗಿದರು. ಅಮ್ಮ ಕಟಕಟೆಯಲ್ಲಿ ನಿಂತಳು. ಆರೋಪ ಓದಿ ಹೇಳಿ, ತಪ್ಪು ಒಪ್ಪಿಕೊಳ್ಳುತ್ತೀರಾ ಎಂದು ಜಡ್ಜು ಕೇಳಿದರು.

"ಒಪ್ಕೊಳ್ತಾರೆ ಸ್ವಾಮಿ," ಎಂದರು ಲಾಯರ್.

"ಅವರು ಹೇಳಲಿ."

ಅಮ್ಮ ನನ್ನ ಕಡೆ ನೋಡಿದಳು. ಸುಳ್ಳು ಹೇಳಲಾರೆ, ಆ ಗಳಿಗೆಯಲ್ಲೂ ಅವಳು ಹೂಂ ಅನ್ನಲಿ ಎಂದೇ ನಾನು ಬೇಡಿಕೊಳ್ಳುತ್ತಿದ್ದೆ.

"ಇಲ್ಲ ಬುದ್ಧಿ. ನಾನ್ ಕದ್ದಿಲ್ಲ."

"ಹಾಗಾದ್ರೆ ವಿಚಾರಣೆ ನಡೆಯುತ್ತೆ. ಜಾಮೀನು ಕೊಡೋರಿಲ್ಲ ಅಂದ್ರೆ ಅಲ್ಲೀವರೆಗೂ ಜೈಲಲ್ಲೇ ಇರ್ಬೇಕಾಗುತ್ತೆ. ನಿಮ್ಮ ವಕೀಲರು ಹೇಳಿದಾರಾ?"

"ಇವ್ರಿಗೆ ನನ್ ಹೆಸರೇ ಗೊತ್ತಿಲ್ಲ ಬುದ್ಧಿ."

ಯಾರೋ ಕಿಸಕ್ಕೆಂದರು. ಅಮ್ಮ ವೆಂಕಟರಾಯಪ್ಪನತ್ತ ಕೈ ತೋರಿಸಿದಳು.

"ಹೋದೊರ್ಷ ಇವ್ರ ಟ್ರಾಕ್ಟ್ರು ಹತ್ತಿ ನಮ್ ಕೇರಿ ಕೊಂಡಪ್ಪ ಸತ್ತ. ಓಡಿಸ್ತಿದ್ದೋರು ಇವ್ರೇ. ಇದೇ ಜಾಗದಾಗೆ ನಿಂತಿದ್ರು. ಇಬ್ರು ಲಾಯರ್ ಬಂದಿದ್ರು ಇವ್ರಿಗೆ. ನಾನು ಸಾಕ್ಷಿ. ಎಷ್ಟ್ ದೂರದಾಗಿದ್ದೆ, ಬಿಸಿಲು ಕಣ್ಣಿಗ್ ಹೊಡೀತಿತ್ತಾ, ಎಲ್ಲಾ ಕೆದಕಿ ಕೆದಕಿ ಕೇಳಿದ್ರು. ಅದು ತಪ್ಪು ಅನ್ನಾಕಿಲ್ಲ ಬುದ್ಧಿ, ಕೇಳ್ಬೇಕಾದ್ದೇ. ನಂಗೂ ಅಂಗೆ ಕೇಳೋರ್ನ ಒಬ್ರನ್ನ ಕೊಡ್ರಿ. ಅವ್ರು ಬರೋಗಂಟ ಜೈಲಾಗೇ ಇರ್ತೀನಿ."

"ಲೇ ಬೇವರ್ಸಿ!" ವೆಂಕಟರಾಯಪ್ಪ ಎದ್ದೇಬಿಟ್ಟ. ಜಡ್ಜು ಮೇಜು ಕುಟ್ಟಿ ಕೂರಿಸಿದರು. ಆಮೇಲೆ ಬಹಳ ಹೊತ್ತು ಏನೋ ಬರೆದರು. ಬೇರೆ ಲಾಯರ್ ಕೊಡಿ ಎಂದು ಬರೆದರೋ, ಬರೆದಿಲ್ಲವೋ, ನಮಗೆ ಯಾರೂ ಬಿಡಿಸಿ ಹೇಳಲಿಲ್ಲ. ಒಂದು ತಿಂಗಳಾಚೆಯ ತಾರೀಖು ಮಾತ್ರ ಕೂಗಿ ಹೇಳಿದರು.

ವ್ಯಾನಿನ ಹತ್ತಿರ ನನಗೆ ಸಿಟ್ಟು, ಅಳು ಎರಡೂ ಒಟ್ಟಿಗೆ ಬಂದವು. "ಯಾಕಮ್ಮ ಹಿಂಗ್ ಮಾಡ್ದೆ? ಇವತ್ತು ಮನೆಗ್ ಬರ್ಬೋದಾಗಿತ್ತಲ್ಲ!"

"ಕಳ್ಳಿ ಆಗಿ ಬರ್ಬೇಕಿತ್ತೇನೇ?" ಎಂದಳು. ಪೊಲೀಸಿನವಳು ರಟ್ಟೆ ಹಿಡಿದಾಗ, "ಎಳೀಬ್ಯಾಡ ತಾಯಿ, ನಾನೇ ಹತ್ತೀನಿ," ಎಂದು ತಾನೇ ಹತ್ತಿದಳು. ಬಾಗಿಲು ಬಿತ್ತು. ಜಾಲರಿಗೆ ಬಾಯಿಟ್ಟು ಹೇಳಿದಳು: "ಮನೆಗ್ ಹೋಗ್ಬ್ಯಾಡ. ಫಿಲೇಚರಿಗೋಗಿ ಹೆಂಗಸ್ರಿಗೆಲ್ಲ ಹೇಳು. ಮುನಿಗಂಗಮ್ಮ ಒಪ್ಕಂಡಿಲ್ಲ ಅಂತ ಹೇಳು."

ನಾನು ನಡೆದೇ ಹೋದೆ. ವೆಂಕಟರಾಯಪ್ಪನ ಜೀಪು ಇನ್ನೂ ಬಂದಿರಲಿಲ್ಲ. ಹಬೆಯ ನಡುವೆ ಹೆಂಗಸರು ಸಾಲಾಗಿ ಕೂತು ನೂಲು ಬಿಚ್ಚುತ್ತಿದ್ದರು. ಬಾಗಿಲಲ್ಲಿ ನಿಂತು, ಗಂಟಲು ಹರಿಯುವ ಹಾಗೆ ಕೂಗಿದೆ.

"ನಮ್ಮಮ್ಮ ಒಪ್ಕಂಡಿಲ್ಲ!"

ಯಾರೂ ತಲೆ ಎತ್ತಲಿಲ್ಲ. ನಾನು ಒಳಗೆ ಹೋಗಿ, ಅವರ ನಡುವೆ ನಿಂತು, ಮತ್ತೆ ಕೂಗಿದೆ.